ಎಳೆ ಬರುವ ಎಣ್ಣೆ

ಗಂಡಸಿಯಲ್ಲಿ ನಮ್ಮಪ್ಪನದು ರಾಗಿ ಬೀಸುವ ಮಿಲ್ಲು. ಕರೆಂಟನ್ನು ನಂಬಿ ಕೂತಿದ್ದರೆ ಊರಿನವರು ಮುದ್ದೆಯ ಮುಖ ಕಾಣುತ್ತಿರಲಿಲ್ಲ, ಹಾಗಾಗಿ ಡೀಸೆಲ್ ಎಂಜಿನ್. ಮಿಲ್ಲಿನ ಗೋಡೆಗೆ ಅಂಟಿಕೊಂಡೇ ನಮ್ಮ ಅಡುಗೆಮನೆ. ಎಂಜಿನ್ನಿನ ಹೊಗೆ ಕೊಳವೆ ಅದರ ಕಿಟಕಿಯ ಪಕ್ಕದಲ್ಲೇ ಬಾಯಿ ಬಿಡುತ್ತಿತ್ತು. ಅಲ್ಲಿ ನಿಂತು ಅಡುಗೆ ಮಾಡುತ್ತಿದ್ದ ಅವ್ವನಿಗೆ ಉಬ್ಬಸ ಹಿಡಿದದ್ದು ತೊಂಬತ್ತರ ದಶಕದ ಆ ವರ್ಷಗಳಲ್ಲೇ.

ಅಪ್ಪ ಎಂಜಿನ್ನಿಗೆ ಎಣ್ಣೆ ಆರಿಸುವುದನ್ನು ನೋಡಬೇಕಿತ್ತು. ಮಿಲ್ಲು ಹಾಕುವ ಮೊದಲು ಅವನು ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುತ್ತಿದ್ದವನು. ಆ ಬುದ್ಧಿಯನ್ನು ಇಲ್ಲಿಗೂ ತಂದಿದ್ದ. ಅರಸೀಕೆರೆಯ ಅಂಗಡಿಯಲ್ಲಿ ಬಿಚ್ಚಿಟ್ಟ ಡಬ್ಬಗಳಿಗೆ ಎರಡು ಬೆರಳು ಅದ್ದಿ, ಉಜ್ಜಿ, ನಿಧಾನವಾಗಿ ಬಿಡಿಸುವನು. ಎಳೆ ಬಂದರೆ ಒಳ್ಳೆಯ ಎಣ್ಣೆ, ಬರದಿದ್ದರೆ ನೀರು. ಹಾಗೆ ಆರಿಸಿ ತರುತ್ತಿದ್ದುದು ಟ್ರ್ಯಾಕ್ಟರಿನ ಗೇರ್ ಪೆಟ್ಟಿಗೆಗೆ ಹಾಕುವ ಎಣ್ಣೆ. ಅದರ ದಪ್ಪಕ್ಕೆ ಬೆಳಗಿನ ಚಳಿಯಲ್ಲಿ ಎಂಜಿನ್ ಹತ್ತಿಸುವ ಹ್ಯಾಂಡಲ್ ತಿರುಗುತ್ತಲೇ ಇರಲಿಲ್ಲ. ಕಷ್ಟಪಟ್ಟು ಹತ್ತಿಕೊಂಡ ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಡೀಸೆಲ್ ಕುಡಿದು ಕರಿ ಹೊಗೆ ಕಕ್ಕುತ್ತಿತ್ತು.

ನಾನು ಬಸ್ಸಿನಲ್ಲಿ ಅರಸೀಕೆರೆಗೆ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ಡಬ್ಬದ ಮೇಲಿನದ್ದನ್ನು ಓದಿ ಹೇಳಿದೆ. "ಇದು ಗೇರಿಗೆ ಅಪ್ಪ, ಎಂಜಿನ್ನಿಗಲ್ಲ. ತೆಳ್ಳಗಿರೋದು ಹಾಕಿದ್ರೆ ಹೊಗೆ ಕಮ್ಮಿ ಆಗುತ್ತೆ. ಅವ್ವನ ಸಲುವಾಗಿ ಆದ್ರೂ ಹಾಕು."

"ತೆಳ್ಳಗಿರೋದು ಮಜ್ಜಿಗೆ ಕಣೇ. ಓದಿದ್ದು ಸಾಕು, ಮುದ್ದೆ ಕಟ್ಟೋದು ಕಲಿ," ಎಂದ.

ರಾಗಿ ಇಟ್ಟುಕೊಂಡು ಕಾಯುತ್ತಿದ್ದ ಹೆಂಗಸರು ನಕ್ಕರು. ನಗುವವರು ಸಿಕ್ಕರೆ ಅಪ್ಪನನ್ನು ಹಿಡಿಯುವವರಿಲ್ಲ. ಒಳಗೆ ಅವ್ವ ಕೆಮ್ಮಿದ್ದು ಕೇಳಿಸಿತು. "ನಂದು ಎರಡು ಎಂಜಿನ್ನು. ಒಳಗಿರೋದ್ಕೆ ಹ್ಯಾಂಡಲ್ಲೂ ಬ್ಯಾಡ," ಎಂದ. ಅವರು ಇನ್ನೂ ನಕ್ಕರು. ನಿಮ್ಮ ಹಿಟ್ಟಿಗೆ ಹುಳ ಬೀಳಲಿ ಎಂದು ನಾನು ಮನಸಾರೆ ಶಪಿಸಿದೆ.

ಹಾಸನದ ಡಾಕ್ಟರು, ಎದೆಗೆ ಹತ್ತಿದ್ದು ಪೂರ್ತಿ ಹೋಗುವುದಿಲ್ಲ, ಇನ್ನಾದರೂ ಹೊಗೆಯಿಂದ ದೂರ ಇಡಿ ಎಂದರು. ಅಪ್ಪ ಕೊಳವೆಯನ್ನು ತಿರುಗಿಸಲಿಲ್ಲ, ಎಣ್ಣೆಯನ್ನೂ ಬದಲಿಸಲಿಲ್ಲ. ಅವ್ವನನ್ನೇ ಕಣಕಟ್ಟೆಯ ತವರಿಗೆ ಬಸ್ಸು ಹತ್ತಿಸಿದ. "ಮಿಲ್ಲು ಎತ್ಕಂಡು ಹೋಗಕಾಯ್ತದಾ? ಇವಳಿಗಾದ್ರೆ ಕಾಲು ಅವೆ, ಹೋಗ್ಲಿ," ಎಂದ.

ಅವ್ವ ಹೋದ ಮೇಲೆ ಒಂದು ದಿನ ಎಂಜಿನ್ ಕಟಕಟ ಎಂದು ನಿಂತೇಬಿಟ್ಟಿತು. ಅಂದು ಅಪ್ಪನಿಗೆ ಊಟ ಸೇರಲಿಲ್ಲ. ಹೆಂಡತಿ ಬಸ್ಸು ಹತ್ತಿದ ದಿನ ಚೆನ್ನಾಗಿಯೇ ಉಂಡಿದ್ದ. ಅರಸೀಕೆರೆಯಿಂದ ಬಂದ ಮೆಕ್ಯಾನಿಕ್ ಸವೆದ ಬೇರಿಂಗ್ ಬದಲಿಸಿ, ಒಳಗಿದ್ದ ದಪ್ಪ ಎಣ್ಣೆಯನ್ನು ಹೊರಗೆ ಚೆಲ್ಲಿ, ಎಂಜಿನ್ನಿಗೆ ಹಾಕಬೇಕಾದ ಎಣ್ಣೆಯನ್ನೇ ಹಾಕಿದ. ಒಂದೇ ಸುತ್ತಿಗೆ ಹತ್ತಿಕೊಂಡಿತು. ಕೊಳವೆಯ ಬಾಯಲ್ಲಿ ಹೊಗೆ ಇದೆಯೋ ಇಲ್ಲವೋ ಎನ್ನುವಷ್ಟು. ಡೀಸೆಲ್ಲೂ ಉಳಿಯತೊಡಗಿತು. ಅಪ್ಪ ಬಂದವರಿಗೆಲ್ಲ ಕೊಳವೆ ತೋರಿಸಿ, ತಾನೇ ಕಂಡುಹಿಡಿದವನಂತೆ ಎಣ್ಣೆಯ ಪಾಠ ಹೇಳಿದ. ಅವನ ಮೇಲಿನ ಸಿಟ್ಟಿಗೆ ನನಗೆ ಮೈ ಉರಿಯುತ್ತಿತ್ತು.

ಆಮೇಲೆ ತಾನೇ ಹೋಗಿ ಅವ್ವನನ್ನು ಕರೆತಂದ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅಪ್ಪನನ್ನು ಅರ್ಧ ಕ್ಷಮಿಸಿಯೂ ಬಿಟ್ಟೆ. ಅವ್ವ ಅಡುಗೆಮನೆಗೆ ಹೋಗಿ ಪಾತ್ರೆಗೆ ಕೈ ಹಾಕುವ ಮೊದಲೇ ಕೆಮ್ಮು ಬಂತು. ಗೋಡೆ ಹಿಡಿದು, ಬಗ್ಗಿ, ಉಸಿರಿಗಾಗಿ ಒದ್ದಾಡಿದಳು.

ಅಪ್ಪ ಬಾಗಿಲಿಗೆ ಬಂದು ನಿಂತ. "ಈಗ ಹೊಗೆ ಎಲ್ಲೈತೆ, ತೋರ್ಸು," ಎಂದ. "ಇಷ್ಟು ದಿನ ಆಡಿದ್ದೆಲ್ಲ ನಾಟಕ ಅಂತ ಗೊತ್ತಾಯ್ತು ಬಿಡು."

ಅವ್ವ ಕಿಟಕಿಯಾಚೆ ನೋಡಿದಳು. ಹೊಗೆ ಇರಲಿಲ್ಲ. ಅಂದಿನಿಂದ ಕೆಮ್ಮು ಬಂದಾಗಲೆಲ್ಲ ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಲಿಗೆ ಓಡಿ, ತೆಂಗಿನ ಮರದ ಹಿಂದೆ ಮುಗಿಸಿಕೊಂಡು ಬರುತ್ತಿದ್ದಳು.