ಗೋಡೆಯಾಚೆ ನಿಂತ ಮುನಿಯಮ್ಮ

೧೯೬೯ರಲ್ಲಿ ನಾನು ಸೂಲಿಬೆಲೆಯಲ್ಲಿ ಪಶುವೈದ್ಯನಾಗಿದ್ದೆ. ಮಾಗಿಯ ಒಂದು ಬೆಳಗ್ಗೆ ನಲ್ಲೂರಿನ ಕಡೆಯ ಹಳ್ಳಿಯೊಂದರಿಂದ ಕರೆ ಬಂತು. ಸೈಕಲ್ ಹತ್ತಿ ಹೊರಟೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹುಣಸೆ ಮರಗಳ ಬುಡವೇ ಕಾಣುತ್ತಿರಲಿಲ್ಲ. ಮೇಲಿನ ಕೊಂಬೆಗಳು ಮಾತ್ರ ಬಿಳಿಯ ನೀರಿನಲ್ಲಿ ತೇಲುವಂತಿದ್ದವು. ನಿದ್ದೆಯೊಳಗೇ ಪೆಡಲ್ ತುಳಿಯುತ್ತಿದ್ದೇನೆ ಅನ್ನಿಸುತ್ತಿತ್ತು.

ರಾಮಕ್ಕನೆಂಬ ವಿಧವೆಯ ಕೊಟ್ಟಿಗೆ. ಮನೆಗಿದ್ದ ಒಂದೇ ಹಸು ಚೊಚ್ಚಲ ಬೇನೆ ತಿಂದು ತಿಂದು ಸೋತು ಮಲಗಿತ್ತು. ರಾಮಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೋಟುಗೋಡೆಯಾಚೆ ಅವಳ ವಾರಗಿತ್ತಿ ಮುನಿಯಮ್ಮ ಎಲೆಅಡಿಕೆ ಮೆಲ್ಲುತ್ತ ನಿಂತಿದ್ದಳು. ಮುಖದಲ್ಲಿ ಮದುವೆಗೆ ಬಂದವಳ ಕಳೆ.

"ನೋಡ್ಕೊಂಡ್ ಹೋಗಾನ ಅಂತ ಬಂದೆ ಸ್ವಾಮಿ," ನಾನು ಕೇಳದೆಯೇ ಹೇಳಿದಳು. "ಹೋದ್ವರ್ಸ ನಮ್ ಹಸ ಸತ್ತಾಗ ಇವ್ಳು ಇಲ್ಲೇ ನಿಂತ್ಕೊಂಡು ನಗ್ತಿದ್ಲು."

ರಾಮಕ್ಕ ತಲೆ ಎತ್ತಲಿಲ್ಲ. ಸುಳ್ಳೆಂದೂ ಹೇಳಲಿಲ್ಲ.

ಕೈಯಾಡಿಸಿ ನೋಡಿದೆ. ಕರುವಿನ ಒಂದು ಮುಂಗಾಲು ಮಂಡಿಯಲ್ಲಿ ಮಡಚಿ ಸಿಕ್ಕಿಕೊಂಡಿತ್ತು. ಇಂಥ ಹೆರಿಗೆಯ ತೊಡಕಿಗೆ ನಾವು ಡಿಸ್ಟೋಕಿಯಾ ಎನ್ನುತ್ತೇವೆ. ಕಾಲನ್ನು ನೇರ ಮಾಡಬೇಕು. ಕರು ಸತ್ತಿದ್ದರೆ ಒಳಗೇ ಕತ್ತರಿಸಿ ತೆಗೆದು ತಾಯಿಯನ್ನಾದರೂ ಉಳಿಸಬೇಕು. ಬದುಕಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ದಾರಿ ಕಿರಿದು, ನನ್ನ ದಪ್ಪ ಕೈ ಮುಂದೆ ಹೋಗದು. ರಾಮಕ್ಕ ಎದ್ದರೆ ಹಸು ಕೊಸರುತ್ತಿತ್ತು. ಗೋಡೆಯ ಮೇಲಿದ್ದ ಮುನಿಯಮ್ಮನ ಸಣ್ಣ ಕೈ ಕಣ್ಣಿಗೆ ಬಿತ್ತು.

"ಬಳೆ ತೆಗೆದಿಟ್ಟು ಕೈ ತೊಳ್ಕೊಂಡು ಬಾಮ್ಮ."

"ನಾನ್ಯಾಕ್ ಬರ್ಲಿ ಸ್ವಾಮಿ?"

"ನಿನ್ನ ಕೈ ಸಣ್ಣದು, ಅದಕ್ಕೆ."

ಗೋಡೆ ಬಳಸಿ ಈಚೆ ಬಂದಳು. ಆಮೇಲೆ ಸೋಪು ಹಚ್ಚಿ ಬಳೆ ಕಳಚಿ, ಮೊಣಕೈವರೆಗೆ ಎಣ್ಣೆ ಸವರಿಕೊಂಡು ಹಸುವಿನ ಹಿಂದೆ ಕೂತಳು. ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬೇಕು, ಇಲ್ಲದಿದ್ದರೆ ಗರ್ಭಕೋಶ ಹರಿಯುತ್ತದೆ ಎಂದು ತಿಳಿಸಿದೆ. ಕಣ್ಣು ಮುಚ್ಚಿ ತಡಕಾಡುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು. ಬಾಯಿ ಮೆಲ್ಲುವುದನ್ನು ಮರೆತಿತ್ತು.

"ಚೀಪ್ತೈತೆ," ಎಂದಳು ಪಿಸುದನಿಯಲ್ಲಿ. "ನನ್ ಬೆಳ್ಳ ಚೀಪ್ತೈತೆ. ಜೀವ ಐತೆ ಕಣಕ್ಕ."

ಬಾಗಿಲಿನಿಂದ ಮಂಜು ಮೆಲ್ಲಗೆ ಒಳಗೆ ಬರುತ್ತಿತ್ತು. ಮೂವರೂ ಒಂದೇ ಕನಸಿನೊಳಗೆ ಕಾಲಿಟ್ಟಂತಿದ್ದೆವು. ಬೇನೆ ನಿಂತ ಹೊತ್ತು ನೋಡಿ ಅವಳು ಕಾಲನ್ನು ಮುಂದಕ್ಕೆ ತಂದಳು. ಕರು ಬಿಸಿ ಹಬೆಯೊಂದಿಗೆ ಹುಲ್ಲಿನ ಮೇಲೆ ಜಾರಿತು. ಅದರ ಮೈ ಒರೆಸಿದವಳೂ ಅವಳೇ.

ವಾರಗಿತ್ತಿಯರು ಒಂದಾದರೆಂದು ಹೇಳಲಾರೆ. ಮುಂದೆ ಒಮ್ಮೆ ಹಸುವನ್ನು ನೋಡಲು ಹೋದಾಗ ಮುನಿಯಮ್ಮ ಗೋಡೆಯಾಚೆಯಿಂದ ನನ್ನನ್ನು ಕೇಳಿದಳು: "ಕರ ಸರ್ಯಾಗಿ ಕುಡೀತೈತಾ ಸ್ವಾಮಿ?"

ಪಕ್ಕದಲ್ಲೇ ಇದ್ದ ರಾಮಕ್ಕ ನನಗೆ ಹೇಳಿದಳು: "ಕುಡೀತೈತೆ ಅಂತ ಹೇಳಿ ಸ್ವಾಮಿ."

ಸೇವೆಯುದ್ದಕ್ಕೂ ಎಷ್ಟೋ ಕೊಟ್ಟಿಗೆಗಳ ಹತ್ತಿರ ಹಾಗೆ ನಿಂತು ನೋಡುವ ಮುಖಗಳನ್ನು ಕಂಡಿದ್ದೇನೆ. ಬುದ್ಧಿ ಹೇಳಲು ಹೋಗಲಿಲ್ಲ. ಇನ್ನೊಬ್ಬರ ಸಂಕಟ ಹಿತವೆನಿಸಬೇಕಾದರೆ ಒಂದಿಷ್ಟು ದೂರ ನಿಂತಿರಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅದಕ್ಕೇ ಅಂಥವರನ್ನು ಕಂಡರೆ ಹಗ್ಗದ ತುದಿಯನ್ನು ಚಾಚುತ್ತಿದ್ದೆ: "ಒಂಚೂರು ಹಿಡ್ಕೊಳಪ್ಪಾ." ಹಿಡಿಯಲಾರೆ ಎಂದವರು ಬಹಳ ಕಡಿಮೆ.