ಹತ್ತದ ಟೆಸ್ಟರ್

ನಾಗಪುರದಲ್ಲಿ ಬೇಸಿಗೆ ಕಳೆಯಲು ದೇವರಿಗಿಂತ ಕೂಲರ್ ಮುಖ್ಯ. ನಮ್ಮದು ತಗಡಿನದು, ಹಿತ್ತಲ ಕಿಟಕಿಗೆ ಆನಿಸಿ ಬಿಸಿಲಲ್ಲೇ ನಿಲ್ಲಿಸಿದ್ದೆವು. ದಿನಕ್ಕೆರಡು ಸಲ ಅದಕ್ಕೆ ನೀರು ತುಂಬುವ ಕೆಲಸ ಹೆಂಡತಿಯದು. ತೊಂಬತ್ತರ ದಶಕದ ಕೊನೆಯ ಒಂದು ಏಪ್ರಿಲ್‌ನಲ್ಲಿ ಅವಳು ಕೊಡ ಕೆಳಗಿಟ್ಟು, “ತಗಡು ಮುಟ್ಟಿದ್ರ ಕೈ ಜುಮ್ ಅಂತೈತ್ರಿ,” ಅಂದಳು.

ಪ್ಲಗ್ ಕಿತ್ತು ಕರೆಂಟಿನ ಮಿಸ್ತ್ರಿಯನ್ನು ಕರೆಯುವುದು ಬುದ್ಧಿವಂತರ ಕೆಲಸ. ನನಗೋ, ನಾನೇ ಪರೀಕ್ಷಿಸದೆ ಸಮಾಧಾನವಿಲ್ಲ. ಮರುದಿನ ಬ್ಯಾಂಕಿನಿಂದ ನೇರ ಬರ್ಡಿ ಬಜಾರಿಗೆ ಹೋದೆ. ಕರೆಂಟ್ ಅಳೆಯುವ ಮೀಟರಿನ ಬೆಲೆ ಕೇಳಿ ಸುಮ್ಮನೆ ಹಿಂದಕ್ಕಿಟ್ಟೆ. ಫುಟ್‌ಪಾತಿನಲ್ಲಿ ಬಾಚಣಿಗೆ, ಬೀಗಗಳ ಜೊತೆ ಮಾರುತ್ತಿದ್ದ ಟೆಸ್ಟರ್ ಕೊಂಡೆ. ನೋಡಲು ಸ್ಕ್ರೂಡ್ರೈವರಿನಂಥದ್ದು, ಹಿಡಿಕೆಯೊಳಗೆ ಪುಟ್ಟ ದೀಪ. ತುದಿಯನ್ನು ಕರೆಂಟ್ ಇರುವಲ್ಲಿ ತಾಗಿಸಿ, ಹಿಂದಿನ ಲೋಹದ ಟೋಪಿಯ ಮೇಲೆ ಬೆರಳಿಟ್ಟರೆ ದೀಪ ಕೆಂಪಗಾಗಬೇಕು.

ನಮ್ಮ ಮನೆತನದಲ್ಲೊಂದು ಶಾಸ್ತ್ರವಿತ್ತು. ರಬ್ಬರ್ ಚಪ್ಪಲಿ ಮೆಟ್ಟಿ, ಊಟದ ಮಣೆಯ ಮೇಲೆ ನಿಂತೇ ಕರೆಂಟಿನ ಸಾಮಾನು ಮುಟ್ಟಬೇಕು. ಹುಬ್ಬಳ್ಳಿಯಲ್ಲಿ ಅಪ್ಪ ಬಲ್ಬ್ ಹಾಕುತ್ತಿದ್ದುದೂ ಹಾಗೆಯೇ. ನಾನೂ ಹಾಗೇ ನಿಂತು ಕೂಲರಿಗೆ ಟೆಸ್ಟರ್ ತಾಗಿಸಿದೆ. ದೀಪ ಹತ್ತಲಿಲ್ಲ.

ಅಗ್ಗದ ಮಾಲು ಎಂದುಕೊಂಡು ಇನ್ನೊಂದು ತಂದೆ, ಆಮೇಲೆ ಬಿಜಲಿ ಸಾಮಾನಿನ ಅಂಗಡಿಯಿಂದ ಮತ್ತೊಂದು. ಮೂರೂ ಹತ್ತಲಿಲ್ಲ. “ಕರೆಂಟ್ ಕೂಲರಿನ್ಯಾಗ ಇಲ್ಲ, ನಿನ್ನ ತಲ್ಯಾಗ ಐತಿ,” ಅಂದುಬಿಟ್ಟೆ. ಅವಳು ಕೊಡ ಬಿಟ್ಟು ಪ್ಲಾಸ್ಟಿಕ್ ಮಗ್ಗಿನಿಂದ ದೂರ ನಿಂತು ನೀರು ಸುರಿಯತೊಡಗಿದಳು. ಆ ಮಗ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಬ್ಯಾಂಕಿನಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವಳು ನೀರು ಹಾಕುವ ಹೊತ್ತಿಗೆ ಏನಾದರೂ ನೆಪ ಹುಡುಕಿ ಮನೆಗೆ ಫೋನ್ ಮಾಡುತ್ತಿದ್ದೆ. ಅವಳ ದನಿ ಕೇಳಿದ ಮೇಲೆ, “ಕುಕ್ಕರ್ ಇಟ್ಟಿಯೇನು,” ಎಂದು ಕೇಳಿ ಫೋನ್ ಇಟ್ಟುಬಿಡುತ್ತಿದ್ದೆ.

ಕೊನೆಗೆ ಮೂರೂ ಟೆಸ್ಟರ್ ಹಿಡಿದು ಅದೇ ಅಂಗಡಿಗೆ ಹೋಗಿ ಜಗಳ ತೆಗೆದೆ. ಮುದುಕ ಅಂಗಡಿಯವನು ಒಂದೊಂದನ್ನೂ ತನ್ನ ಸಾಕೆಟ್ಟಿಗೆ ಹಾಕಿದ. ಮೂರೂ ಹತ್ತಿದವು. ಮನೆಯಲ್ಲಿ ಹೇಗೆ ನಿಂತು ನೋಡಿದಿರಿ ಎಂದು ಹಿಂದಿಯಲ್ಲಿ ಕೇಳಿದ. ಮಣೆ, ಚಪ್ಪಲಿಯ ಶಾಸ್ತ್ರವನ್ನು ಹೆಮ್ಮೆಯಿಂದಲೇ ವಿವರಿಸಿದೆ. ಅವನು ನಗು ತಡೆದುಕೊಂಡ. ನಿಮ್ಮ ಮೈಯಿಂದ ನೆಲಕ್ಕೆ ಚೂರು ಕರೆಂಟ್ ಹರಿದರೇ ದೀಪ ಹತ್ತುವುದು, ಮಣೆ ಚಪ್ಪಲಿ ಎರಡೂ ಅಡ್ಡ ಬಂದರೆ ಮಿಣುಕಿದರೂ ಬಿಸಿಲಲ್ಲಿ ಕಾಣದು ಎಂದ.

ಮನೆಗೆ ಬಂದವನೇ ಬರಿಗಾಲಲ್ಲಿ ಹಿತ್ತಲ ನೆಲದ ಮೇಲೆ ನಿಂತು, ಅಂಗೈಯಿಂದ ಬಿಸಿಲು ಮರೆಮಾಡಿ ಟೆಸ್ಟರ್ ತಾಗಿಸಿದೆ. ದೀಪ ಕೆಂಪಗೆ ಹತ್ತಿತು. ನೆಲ ಒದ್ದೆಯಾಗಿತ್ತು. ಅವಳು ಇಷ್ಟು ದಿನ ಇಲ್ಲೇ, ಹೀಗೇ ಬರಿಗಾಲಲ್ಲಿ ನಿಂತಿದ್ದಳು. ಓಡಿಹೋಗಿ ಪ್ಲಗ್ ಕಿತ್ತೆ.

“ನೀ ಹೇಳಿದ್ದು ಬರೋಬರ್ ಇತ್ತು,” ಅಂದೆ.

ಅವಳು ಮಗ್ಗನ್ನು ಮೊಳೆಗೆ ತೂಗುಹಾಕಿದಳು. “ಮೂರು ಟೆಸ್ಟರ್ ತಂದ್ರಿ. ಒಮ್ಮೆರ ನೀವ ಕೈ ಹಚ್ಚಿ ನೋಡ್ಲಿಲ್ಲ.”

ನೋಡಿರಲಿಲ್ಲ, ನಿಜ. ಆ ತಗಡು ಮುಟ್ಟಲು ನನಗೆ ಹೆದರಿಕೆಯಿತ್ತು. ಅಂದರೆ ಅವಳ ಮಾತನ್ನು ನಾನು ಮೊದಲ ದಿನವೇ ನಂಬಿದ್ದೆ.