ಸೊಲ್ಲು ಹಿಡಿಯುತ್ತಿದ್ದವನು

ಹನ್ನೊಂದು ವರ್ಷ ಒಬ್ಬ ಹಾಡುಗಾರರ ಬೆನ್ನ ಹಿಂದೆ ನಿಂತು ಹಾಡಿದವನು ನಾನು. ಹಾಡುವಾಗ ಅವರ ಮುಖ ಹೇಗಿರುತ್ತದೆ ಎಂದು ನೋಡಿದ್ದು ಮಾತ್ರ ಒಂದೇ ಸಲ. ಅದೂ ಚನ್ನಪಟ್ಟಣದ ಹಳೆಯ ನಾಟಕದ ಥಿಯೇಟರಿನಲ್ಲಿ, ಎದುರಿನ ಕುರ್ಚಿಯಲ್ಲಿ ಕೂತು, ಯಾರೋ ಒಬ್ಬ ಸಭಿಕನಾಗಿ.

ನಮ್ಮ ಕಡೆಯ ಹಾಡಿಕೆಯಲ್ಲಿ ಮುಂದೆ ನಿಂತು ಹಾಡುವವರು ಒಬ್ಬರು. ಅವರ ಸಾಲಿಗೆ ಹಿಂದಿನಿಂದ ಉತ್ತರದಂತೆ ಇನ್ನೊಂದು ಸಾಲು ಎತ್ತಿಕೊಡುವವನು ಇನ್ನೊಬ್ಬ. ಆ ಎರಡನೆಯ ಸಾಲೇ ಸೊಲ್ಲು. ಸೊಲ್ಲು ಹಿಡಿಯುವವನಿಗೆ ದೊಡ್ಡ ವಿದ್ಯೆಯೇನೂ ಬೇಡ, ಒಂದೇ ನಿಯಮ: ಹಾಡುವವರ ಉಸಿರು ನೆಲಕ್ಕೆ ಬೀಳಬಾರದು. ಅವರ ಸಾಲು ಮುಗಿಯುವ ಒಂದು ಕೂದಲೆಳೆ ಮುಂಚೆ ನಮ್ಮದು ಶುರುವಾಗಬೇಕು. ಎಲ್ಲಿ ಮುಗಿಯುತ್ತದೆ ಎಂದು ನನಗೆ ಹೇಳುತ್ತಿದ್ದುದು ಅವರ ಕಿವಿಯ ಹಿಂದಿನ ಒಂದು ನರ. ಅದು ಉಬ್ಬಿ ಇಳಿಯುವಾಗ ನಾನು ಬಾಯಿ ತೆರೆಯುತ್ತಿದ್ದೆ. ಆ ನರವನ್ನು ನಾನು ನನ್ನ ಹೆಂಡತಿಯ ಮುಖಕ್ಕಿಂತ ಹೆಚ್ಚು ಹೊತ್ತು ನೋಡಿದ್ದೇನೆ. ಇದನ್ನು ಅವಳೇ ಹೇಳಿ ನಗುತ್ತಿದ್ದಳು.

ಅವರನ್ನು ನಾನು ಅಣ್ಣ ಅನ್ನುತ್ತಿದ್ದೆ. ಕನಕಪುರದ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಯಾರೋ ಬರೆದದ್ದನ್ನು ಹಾಡಿದವರಲ್ಲ, ತಾವೇ ಕಟ್ಟಿ ಹಾಡುತ್ತಿದ್ದರು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇಬ್ಬರು ಹೆಂಗಸರು ಜಗಳವಾಡಿದರೆ ಸಂಜೆಗೆ ಅದೊಂದು ಹಾಡು. ಮಾಗಡಿ ಬಸ್ಸು ಕೆಟ್ಟು ನಿಂತರೆ ಅದರ ಮೇಲೊಂದು. ಕಾಗದ ಪೆನ್ನು ಅವರ ಕೈಯಲ್ಲಿ ನಾನು ಕಂಡಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತು, ತೊಡೆಯ ಮೇಲೆ ಬೆರಳು ಬಡಿಯುತ್ತಾ ಕಟ್ಟುವರು. ಆಮೇಲೆ ನನ್ನ ಕಡೆ ತಿರುಗಿ, "ಸಾಲು ಇದು ಕಣ್ಲಾ, ಇದಕ್ಕೆ ನೀನೇನು ಕೊಟ್ಟೀಯೆ?" ಅನ್ನುವರು. ನನ್ನ ಸೊಲ್ಲುಗಳಲ್ಲಿ ಎಷ್ಟೋ ನಾನೇ ಕಟ್ಟಿದವು. ನನಗೆ ಅದರ ಹಮ್ಮು ಇತ್ತು, ಸುಳ್ಳೇಕೆ ಹೇಳಲಿ.

ಬಿಡದಿಯ ಸುತ್ತ ಫ್ಯಾಕ್ಟರಿಗಳು ಏಳತೊಡಗಿದಾಗ ನಮ್ಮ ರಾಗಿ ಹೊಲವೂ ಹೋಯಿತು. ಮನೆಗೊಂದು ಕೆಲಸ ಅಂದರು. ನನಗೆ ಬಿಡಿಭಾಗಗಳ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ ಬಂತು. ಬರಿಗಾಲಲ್ಲಿ ಓಡಾಡಿದ ಜಾಗದಲ್ಲೇ ಬೂಟು ಹಾಕಿಕೊಂಡು ನಿಂತು, ಒಳಗೆ ಹೋಗುವವರ ಪಾಸು ನೋಡುವುದು. ನನಗೇನೂ ಬೇಸರವಾಗಲಿಲ್ಲ. ಯೂನಿಫಾರ್ಮು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಖುಷಿಯೇ ಆಯಿತು. ಅಣ್ಣನಿಗೆ, "ಒಂದು ತಿಂಗಳು ಬುಟ್ಬುಡಿ, ಕೆಲ್ಸ ಒಸಿ ಕೈಗೆ ಹತ್ಲಿ, ಆಮೇಲೆ ಬತ್ತೀನಿ" ಅಂದೆ. ಅವರು ಆಗಲಿ ಅಂದರು. ತಿಂಗಳು ಎರಡಾಯಿತು, ಎರಡು ಆರಾಯಿತು. ಅವರು ಹೇಳಿಕಳಿಸಿದಾಗಲೆಲ್ಲ ನನಗೆ ಶಿಫ್ಟು.

ಒಂದು ಮಧ್ಯಾಹ್ನ ಅವರೇ ಹುಡುಕಿಕೊಂಡು ಬಂದರು. ಹೆಗಲಲ್ಲಿ ಏಕತಾರಿಯ ಬಟ್ಟೆಚೀಲ, ಮೊಣಕಾಲವರೆಗೆ ರಸ್ತೆ ಕೆಲಸದ ಕೆಂಪು ಧೂಳು. ನನ್ನ ಪಕ್ಕದಲ್ಲಿ ಹೊಸ ಸೂಪರ್‌ವೈಸರ್ ನಿಂತಿದ್ದರು. ಗೇಟಿನಲ್ಲಿ ಪರಿಚಯದವರ ಜೊತೆ ಹರಟೆ ಹೊಡೆಯಬಾರದೆಂದು ಅವತ್ತು ಬೆಳಿಗ್ಗೆ ತಾನೇ ಹೇಳಿದ್ದರು. ಅಣ್ಣ ನನ್ನ ಯೂನಿಫಾರ್ಮು ನೋಡಿ ಬಾಯಿ ತುಂಬ ನಕ್ಕರು. ನಾನು ನಗಲಿಲ್ಲ.

"ಯಾರು ಬೇಕಾಗಿತ್ತು? ಪಾಸ್ ಇದೆಯಾ?" ಅಂದೆ. 'ಐತಾ' ಅನ್ನಲಿಲ್ಲ, ಪೇಟೆಯವರ ಹಾಗೆ 'ಇದೆಯಾ' ಅಂದೆ.

ಅವರು ಒಮ್ಮೆ ಸೂಪರ್‌ವೈಸರನ್ನು ನೋಡಿದರು, ಒಮ್ಮೆ ನನ್ನನ್ನು. "ಇಲ್ಲ ಸಾರ್, ಯಾರೂ ಬೇಕಾಗಿರ್ಲಿಲ್ಲ" ಅಂದು ತಿರುಗಿ ಬಸ್‌ಸ್ಟಾಪಿನ ಕಡೆ ನಡೆದರು. ನನ್ನನ್ನು ಎಂದೂ 'ಲಾ' ಬಿಟ್ಟು ಕರೆಯದವರು ಸಾರ್ ಅಂದರು.

ಕೆಲಸ ಹೋಗುವ ಹೆದರಿಕೆಯಿಂದ ಹಾಗೆ ಮಾಡಿದೆ ಎಂದು ಹೆಂಡತಿಗೆ ಹೇಳಿದೆ. ಹೆದರಿಕೆ ಇದ್ದದ್ದು ನಿಜ. ಆದರೆ ಅದಕ್ಕಿಂತ ದೊಡ್ಡದು ನಾಚಿಕೆ. ಆ ಧೂಳುಗಾಲಿನ ಮನುಷ್ಯ ನನ್ನವರು ಎಂದು ಆ ಹೊತ್ತಿನಲ್ಲಿ ಒಪ್ಪಿಕೊಳ್ಳಲು ನಾಚಿಕೆಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಾರನೆಯ ದಿನ ಮಾಗಡಿಯಲ್ಲಿ ಅವರ ಹಾಡಿಕೆ ಇತ್ತಂತೆ. ಅದಕ್ಕೆ ನನ್ನನ್ನು ಕರೆಯಲು ಬಂದಿದ್ದರು. ನೋಡಿದವರು ಆಮೇಲೆ ಹೇಳಿದರು: ಮೊದಲ ಸಾಲು ಹಾಡಿ ಹಿಂದಕ್ಕೆ ತಿರುಗಿ ನೋಡಿದರಂತೆ. ಇನ್ನೊಂದು ಸಾಲು ಹಾಡಿ ಮತ್ತೆ ನೋಡಿದರಂತೆ. ಮೂರನೆಯದಕ್ಕೆ ಏಕತಾರಿಯನ್ನು ಚೀಲಕ್ಕೆ ಹಾಕಿಕೊಂಡು ಕೆಳಗಿಳಿದರಂತೆ. ಬೇರೆ ಒಬ್ಬಿಬ್ಬರನ್ನು ಸೊಲ್ಲಿಗೆ ಹುಡುಕಿದರೆಂದೂ ಕೇಳಿದೆ. ಸಿಕ್ಕವರಿಗೆಲ್ಲ ಒಂದೊಂದು ಫ್ಯಾಕ್ಟರಿ, ಒಂದೊಂದು ಶಿಫ್ಟು.

ಇದಾಗಿ ಏಳೆಂಟು ವರ್ಷ ಕಳೆದಿರಬೇಕು. ರಾಮನಗರ ಜಿಲ್ಲೆಯಾಗಿ ಇನ್ನೂ ಹೊಸತು. ಬಿಡದಿಯಲ್ಲಿ ಒಂದು ಬೆಳಿಗ್ಗೆ ತಟ್ಟೆ ಇಡ್ಲಿ ತಿನ್ನುತ್ತಾ ಎದುರಿನ ಗೋಡೆ ನೋಡಿದೆ. ಅಣ್ಣನ ಚಿತ್ರವಿದ್ದ ಒಂದು ಪೋಸ್ಟರು. ಬರುವ ಭಾನುವಾರ ಸಂಜೆ ನಾಲ್ಕಕ್ಕೆ, ಚನ್ನಪಟ್ಟಣದ ಹಳೆ ಥಿಯೇಟರಿನಲ್ಲಿ, ಒಬ್ಬರೇ ಹಾಡುತ್ತಾರೆ. ಆ 'ಒಬ್ಬರೇ' ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು, ಅದೇನೋ ದೊಡ್ಡ ವಿಶೇಷವೆಂಬಂತೆ. ಅರ್ಧ ಇಡ್ಲಿ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ: ಹೋಗುತ್ತೇನೆ, ಮುಂದಿನ ಸಾಲಿನಲ್ಲಿ ಕೂರುತ್ತೇನೆ, ಅವರು ಸಾಲು ಮುಗಿಸುವಾಗ ಕೂತಲ್ಲಿಂದಲೇ ಸೊಲ್ಲು ಹಿಡಿಯುತ್ತೇನೆ. ಬಾಯಲ್ಲಿ ತಪ್ಪಾಯಿತೆಂದು ಹೇಳುವ ಧೈರ್ಯ ನನಗಿಲ್ಲ, ಸೊಲ್ಲಿನಲ್ಲಿ ಹೇಳಿದರೆ ಅವರಿಗೆ ತಿಳಿಯುತ್ತದೆ. ಅವಳು ಮಾಗಡಿ ಪಕ್ಕದ ಕಲ್ಯದ ಕಡೆಯವಳು, ಮಾತಿಗೆ ಮುಲಾಜಿಲ್ಲ.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು" ಅಂದಳು. "ನಿನ್ ಗಂಟ್ಲಲ್ಲಿ ಈಗ ಸೀಟಿ ಊದೋದು ಬುಟ್ರೆ ಇನ್ನೇನೈತೆ?"

ಅಂದವಳೇ ಭಾನುವಾರ ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. ರೈಲಿನಲ್ಲಿ ಕೂತು ಮೆಲ್ಲಗೆ ಗಂಟಲು ಸರಿಮಾಡಿಕೊಳ್ಳುತ್ತಾ ಒಂದೊಂದೇ ಸೊಲ್ಲು ನೆನಪಿಸಿಕೊಂಡೆ. ಒಂದೂ ಮರೆತಿರಲಿಲ್ಲ. ನನ್ನ ಪಕ್ಕದ ಹೆಂಗಸು ಎದ್ದು ಬೇರೆ ಕಡೆ ಹೋಗಿ ಕೂತರು.

ಆ ಥಿಯೇಟರು ಮಹಾರಾಜರ ಕಾಲದ್ದು. ಮರದ ಕಂಬ, ಹೆಂಚಿನ ಮಾಡು, ಮೇಲೆ ಹೆಂಗಸರು ಕೂರುತ್ತಿದ್ದ ಅಟ್ಟ. ನಾಟಕ ಕಂಪನಿಗಳು ತಿಂಗಳುಗಟ್ಟಲೆ ಬೀಡುಬಿಡುತ್ತಿದ್ದ ಜಾಗ. ನಾನೂ ಅಣ್ಣನೂ ಅಲ್ಲಿ ಮೂರು ಸಲ ಹಾಡಿದ್ದೆವು. ಜನ ಕಿಟಕಿ ಹಿಡಿದು ನಿಂತು ಕೇಳಿದ್ದರು. ಈಗ ಅಂಗಳದ ಅರ್ಧಕ್ಕೆ ಬೊಂಬೆ ಮಾಡುವವರ ಮರದ ತುಂಡುಗಳನ್ನು ಪೇರಿಸಿದ್ದರು. ಒಳಗೆಲ್ಲ ಅರಗಿನ ವಾಸನೆ. ಅಟ್ಟ ಹತ್ತಬಾರದೆಂದು ಹಗ್ಗ ಕಟ್ಟಿತ್ತು. ಬಂದವರು ನಲವತ್ತು ಜನ ಇದ್ದಾರು. ಏರ್ಪಾಡು ಮಾಡಿದವರು ಬೆಂಗಳೂರಿನ ಕೆಲವು ಯುವಕರು, ಒಳ್ಳೆಯವರು. ರೆಕಾರ್ಡಿಂಗ್ ಇದೆ, ಕೊನೆಯವರೆಗೂ ಯಾರೂ ಸದ್ದು ಮಾಡಬೇಡಿ ಎಂದು ಕೈಮುಗಿದು ಕೇಳಿಕೊಂಡರು.

ಅಣ್ಣ ಒಬ್ಬರೇ ನಡೆದು ಬಂದು ಕುರ್ಚಿಯಲ್ಲಿ ಕೂತರು. ಮೊದಲೆಲ್ಲ ನಿಂತೇ ಹಾಡುತ್ತಿದ್ದವರು. ತುಂಬ ಚಿಕ್ಕವರಾಗಿಬಿಟ್ಟಿದ್ದರು. ಏಕತಾರಿ ಮೀಟಿ ಕಣ್ಣು ಮುಚ್ಚಿದರು. ಹಾಡುವಾಗ ಅವರ ಬಲ ಹುಬ್ಬು ಮೇಲೇರುತ್ತದೆ, ತುಟಿಯ ತುದಿಯಲ್ಲಿ ನಗು ಬಂದು ಹೋಗುತ್ತದೆ. ಹನ್ನೊಂದು ವರ್ಷ ನನ್ನ ಎದುರಿನ ಜನ ಇದನ್ನು ನೋಡುತ್ತಿದ್ದರು, ನನಗೆ ಗೊತ್ತೇ ಇರಲಿಲ್ಲ.

ಮೊದಲ ಹಾಡು ಬಸ್ಸಿನದು. ಸಾಲು ಮುಗಿಯುತ್ತಾ ಬಂತು, ನಾನು ಉಸಿರು ತುಂಬಿಕೊಂಡೆ. ಆದರೆ ಸಾಲು ಮುಗಿಯಲಿಲ್ಲ. ನನ್ನ ಸೊಲ್ಲು ಬರಬೇಕಾದ ಜಾಗದಲ್ಲಿ ಅವರೇ ಇನ್ನೊಂದು ಸಾಲು ಹಾಡಿದರು, ನಾನು ಕೇಳಿರದ ಸಾಲು. ಮುಂದಿನದಕ್ಕೂ ಹಾಗೆಯೇ. ಎರಡನೆಯ ಹಾಡಿನಲ್ಲೂ ಸಂದು ಸಿಗಲಿಲ್ಲ, ಮೂರನೆಯದರಲ್ಲೂ ಇಲ್ಲ. ಆಗ ಅರ್ಥವಾಯಿತು. ಅವರು ಎಲ್ಲ ಹಾಡುಗಳನ್ನೂ ಬಿಚ್ಚಿ ಮತ್ತೆ ಕಟ್ಟಿದ್ದರು. ಹರಿದ ಕಂಬಳಿಗೆ ತೇಪೆ ಹಾಕಿದರೆ ತೇಪೆ ಕಾಣುತ್ತದೆ. ಇಲ್ಲಿ ಕಂಬಳಿಯನ್ನೇ ಹೊಸದಾಗಿ ನೇಯ್ದಿದ್ದರು. ನಾನು ಇಷ್ಟು ವರ್ಷ ನನ್ನ ಜಾಗ ಖಾಲಿ ಇದೆ ಎಂದುಕೊಂಡು ಸಂಕಟಪಟ್ಟಿದ್ದೆ, ಒಳಗೊಳಗೇ ಅದರಿಂದ ಸಮಾಧಾನವನ್ನೂ ಪಟ್ಟಿದ್ದೆ.

ಕೊನೆಗೆ ಬಾವಿಯ ಹಾಡು ಎತ್ತಿದರು. ಅದರ ಸೊಲ್ಲು ನಾನೇ ಕೊಟ್ಟದ್ದು. ಅಣ್ಣ "ಊರ ಮುಂದಲ ಬಾವಿ ಎಷ್ಟು ಕೊಡ ಕೊಟ್ಟೀತು" ಅಂದರೆ, ನಾನು "ಕೊಟ್ಟೀತು ಕೊಟ್ಟೀತು, ಹಗ್ಗ ಇರೋ ತನಕ" ಅನ್ನಬೇಕು. ಇದರಲ್ಲಾದರೂ ನನಗೆ ಜಾಗ ಬಿಟ್ಟಿರುತ್ತಾರೆ ಅಂದುಕೊಂಡೆ. ಅವರು ಸಾಲು ಮುಗಿಸುತ್ತಾ ಕಣ್ಣು ತೆರೆದರು. ನಾನು ತಡೆಯಲಿಲ್ಲ, ಒಂದು ಕೂದಲೆಳೆ ಮುಂಚೆಯೇ ಗಟ್ಟಿಯಾಗಿ ಹಿಡಿದೆ:

"ಕೊಟ್ಟೀತು ಕೊಟ್ಟೀತು..."

ಅದೇ ಕ್ಷಣಕ್ಕೆ ಅವರು, "ಸೇದೋರು ಬರಲಿಲ್ಲ, ಬಾವಿಗೇ ಬಾಯಾರಿತು" ಅಂದರು. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದವು. ನನ್ನ ದನಿ ಒಡೆದು ಎತ್ತಲೋ ಹೋಯಿತು. ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು, ಹಿಂದೆ ಯಾರೋ ನಕ್ಕರು. ಒಬ್ಬ ಯುವಕ ಬಗ್ಗಿಕೊಂಡು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, "ಸಾರ್, ಪ್ಲೀಸ್, ರೆಕಾರ್ಡ್ ಆಗ್ತಿದೆ" ಎಂದು ಪಿಸುಗುಟ್ಟಿದ. ಅಣ್ಣ ಹಾಡು ನಿಲ್ಲಿಸಲಿಲ್ಲ. ಏಕತಾರಿ ಒಂದು ಸಲ ಮಾತ್ರ ತಪ್ಪಿ, ಮತ್ತೆ ಸರಿಹೋಯಿತು. ಅಲ್ಲಿ ಬಾಯಿ ಹಾಕುವವನು ಈ ಭೂಮಿಯ ಮೇಲೆ ಒಬ್ಬನೇ ಎಂದು ಅವರಿಗೆ ಗೊತ್ತು.

ನಾನು ತಲೆ ತಗ್ಗಿಸಿ ಕೂತು ಉಳಿದದ್ದನ್ನು ಕೇಳಿದೆ. ಇದನ್ನು ಬರೆಯಲು ಕಷ್ಟ, ಆದರೂ ಬರೆಯುತ್ತೇನೆ: ಹೊಸ ಸಾಲುಗಳು ನನ್ನ ಸೊಲ್ಲಿಗಿಂತ ಚೆನ್ನಾಗಿದ್ದವು. ಎಲ್ಲವೂ. ನನ್ನ ಸೊಲ್ಲಿದ್ದಾಗ ಜನ ಚಪ್ಪಾಳೆ ತಟ್ಟಿ ನಗುತ್ತಿದ್ದ ಹಾಡಿಗೆ ಈಗ ಆ ನಲವತ್ತು ಜನ ಕಣ್ಣೊರೆಸಿಕೊಳ್ಳುತ್ತಿದ್ದರು.

ಮುಗಿದ ಮೇಲೆ ವೇದಿಕೆಯ ಹಿಂದಿನ ಬಣ್ಣ ಹಚ್ಚುವ ಕೋಣೆಗೆ ಹೋದೆ. ಅಣ್ಣ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಬೈಯಲಿ, ಎಲ್ಲರೆದುರು ಆಚೆ ಹಾಕಲಿ ಎಂದುಕೊಂಡೇ ಹೋಗಿದ್ದೆ.

"ಬಾರ್ಲಾ" ಅಂದರು. "ನೀನೇ ಅಂತ ಗೊತ್ತಾಯ್ತು. ದನಿ ಯಾಕ್ಲಾ ಹಂಗಾಗೈತೆ? ಹುಷಾರಾಗಿದ್ದೀಯಾ?"

ಜಾಗ ಸರಿಸಿ ಕೂರಿಸಿಕೊಂಡರು. ಹೆಂಡತಿಯ ಆರೋಗ್ಯ ಕೇಳಿದರು. ಗೇಟಿನ ಮಾತು ಎತ್ತಲೇ ಇಲ್ಲ. ನನಗೆ ಅತ್ತುಬಿಡಬೇಕು ಅನ್ನಿಸಿತು.

"ಬಾವಿಗೇ ಬಾಯಾರಿತು ಅನ್ನೋದು ಭಾಳ ಚೆನ್ನಾಗೈತಣ್ಣ" ಅಂದೆ. "ಯಾವಾಗ ಕಟ್ಟಿದ್ದು?"

ಅವರು ಟೀ ಲೋಟದೊಳಗೆ ನೋಡಿದರು. "ಭಾಳ ದಿನ ಆಯ್ತು. ಬಿಡದಿಯಿಂದ ವಾಪಸ್ ಓಗ್ತಾ, ಬಸ್ಸಲ್ಲಿ."

ಯಾವ ಬಸ್ಸು, ಯಾವ ದಿನ ಎಂದು ನಾನು ಕೇಳಬೇಕಾಗಿರಲಿಲ್ಲ. ಅವರ ಕೈ ಹಿಡಿದುಕೊಂಡೆ. "ತಪ್ಪಾಯ್ತಣ್ಣ. ಇನ್ಮೇಲೆ ಭಾನುವಾರ ಭಾನುವಾರ ಬತ್ತೀನಿ. ಮೊದಲಿನಂಗೆ ಹಿಂದೆ ನಿಂತ್ಕೊತೀನಿ. ದನಿ ಸರಿ ಮಾಡ್ಕೊತೀನಿ."

ಅವರು ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ನನ್ನ ಬೆನ್ನು ತಟ್ಟಿದರು.

"ಬ್ಯಾಡ ಕಣ್ಲಾ" ಅಂದರು. "ನಿನ್ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ನೀನು ಬಂದ್ರೆ ಈ ಹಾಡ್ನೆಲ್ಲಾ ಮತ್ತೆ ಬಿಚ್ಚಿ ನಿಂಗೆ ಜಾಗ ಮಾಡ್ಬೇಕು. ನೀನು ನಾಕು ದಿನ ಬಂದು ಮತ್ತೆ ಬುಟ್ಟೋದ್ರೆ, ಇನ್ನೊಂದ್ಸಲ ಕಟ್ಟೋಕೆ ನನ್ನತ್ರ ವಯಸ್ಸಿಲ್ಲ."

"ಬುಟ್ಟೋಗಲ್ಲಣ್ಣ, ದೇವ್ರಾಣೆ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ನಾನು ಕಣ್ಣು ಕೆಳಗೆ ಹಾಕಿದೆ. ಮುಂದಿನ ಭಾನುವಾರ ನನಗೆ ಡ್ಯೂಟಿ ಇತ್ತು. ಆಣೆ ಹಾಕುವಾಗಲೇ ಅದು ನನಗೆ ಗೊತ್ತಿತ್ತು.